ಲಾಗರಿದಮ್ ಪುಟದಿಂದ ಕಿತ್ತುಬಂದ ಮೊಳೆ

ಅವರು ಅಚ್ಚುಕೂಟದ ಕಂಪೋಸಿಟರ್. ಈಗ ಇಲ್ಲ. ಸೀಸದ ಅಚ್ಚುಮೊಳೆಗಳನ್ನು ಜೋಡಿಸಿ ಲಾಗರಿದಮ್ ಪುಸ್ತಕದ ಪುಟ ಕಟ್ಟುತ್ತಿದ್ದರು. ಕಣ್ಣಿಗೆ ಮಂಜು ಕವಿದಿತ್ತು. ಯಾವ ಖಾನೆಯಲ್ಲಿ ಯಾವ ಅಂಕಿ ಎಂದು ಬೆರಳಿಗೇ ಗೊತ್ತಿದ್ದರಿಂದ ಗುಟ್ಟು ಉಳಿದಿತ್ತು. ಕರಡನ್ನು ಮನೆಗೆ ತರುತ್ತಿದ್ದರು. ಹೆಂಡತಿ ಓದುವಳು, ಅವರು ಕಣ್ಣು ಮುಚ್ಚಿ ಸಾಲಿನಿಂದ ಸಾಲಿಗೆ ಎಷ್ಟು ಏರಿತೆಂದು ಲೆಕ್ಕ ಹಿಡಿಯುವರು. ಅಂಕಿ ಬಿಟ್ಟರೆ ಅವಳ ಓದು ಅಷ್ಟಕ್ಕಷ್ಟೆ.

"ಇಷ್ಟೊಂದು ಅಂಕಿ ಯಾರಿಗೆ ಬೇಕ್ರೀ?"

"ಗುಣಿಸೋ ಕಷ್ಟ ತಪ್ಪುತ್ತೆ ಕಣೇ. ಇದರಲ್ಲಿ ನೋಡಿ ಕೂಡಿದ್ರೆ ಸಾಕು. ಹಿಂದೆ ಒಬ್ಬ ಪುಣ್ಯಾತ್ಮ ಇಪ್ಪತ್ತು ವರ್ಷ ಕೂತು ಲೆಕ್ಕ ಹಾಕಿದ."

"ಅವನ ಹೆಂಡತಿ ಏನಂದಳೋ!"

"ಆಮೇಲಿನವರು ನಕಲು ಮಾಡಿದ್ರು, ತಪ್ಪನ್ನೂ ಸೇರಿಸಿ. ತಪ್ಪಿಗೆ ಮೊಮ್ಮಕ್ಕಳಾದ್ವು. ಹಡಗಿನವರು ಇದನ್ನೇ ನಂಬಿ ಹೋಗ್ತಾರೆ."

ಒಂದು ಮಧ್ಯಾಹ್ನ ಅವಳು ಬುತ್ತಿ ತಂದಾಗ ಮಿಷಿನ್ ನಿಂತಿತ್ತು. ಮಸಿಯ ಉರುಳೆಗೆ ಅಂಟಿ ಎರಡು ಮೊಳೆ ಕಿತ್ತು ಬಂದಿದ್ದವು. ಮಿಷಿನ್‌ನವನು ಹೆಬ್ಬೆರಳಿನಿಂದ ಅವನ್ನು ಒತ್ತಿ ತುರುಕಿ ಮತ್ತೆ ಓಡಿಸಿದ. ಕಣ್ಣು ಸೋತ ಬೈಂಡರನ್ನು ಮಾಲೀಕರು ಮೊನ್ನೆಯಷ್ಟೇ ಮನೆಗೆ ಕಳಿಸಿದ್ದರು. ಈಗ ಇವರು ತಪ್ಪಿದೆ ಎಂದರೆ, ಓದಿ ತೋರಿಸಿ ಎಂದು ಇವರ ಕೈಗೇ ಹಾಳೆ ಬರುತ್ತದೆ, ಗುಟ್ಟು ಬಯಲಾಗುತ್ತದೆ.

"ಮಿಷಿನ್ ಯಾಕೆ ನಿಂತಿತ್ತು?" ತುತ್ತು ಕಲಸುತ್ತಾ ಅವರು ಕೇಳಿದರು.

ಅವಳು ನೀರು ಬಗ್ಗಿಸಿದಳು.

"ಏನೇ, ಬಾಯಿಗೆ ಬೀಗವಾ?"

"ಎರಡು ಮೊಳೆ ಕಿತ್ತು ಬಂದ್ವು. ಅವನೇ ಇಟ್ಟ. ಸರಿಯಾಗೇ ಇಟ್ಟಿರ್ತಾನೆ. ಸುಮ್ಮನಿದ್ದುಬಿಡ್ರೀ."

ಮಿಷಿನ್ ಗಡಗಡ ಹಾಳೆ ಉಗುಳುತ್ತಿತ್ತು. ಅವರು ತುತ್ತು ಕೆಳಗಿಟ್ಟರು.

"ನಿಲ್ಸಯ್ಯಾ! ಅಂಕಿ ತಪ್ಪಿರ್ಬೋದು."

"ಊಟದ ಹೊತ್ತಲ್ಲೂ ನಿನ್ನ ರಗಳೆಯಾ ಅಣ್ಣಾ? ನನಗೂ ಅಂಕಿ ಬರುತ್ತೆ."

ಗದ್ದಲಕ್ಕೆ ಮಾಲೀಕರು ಹೊರಗೆ ಬಂದರು. ಹಸಿ ಹಾಳೆಯನ್ನು ಅವರ ಕೈಗಿಟ್ಟರು. "ಎಲ್ಲಿದೆ ತಪ್ಪು? ಓದಿ."

ಎಲ್ಲರೂ ನೋಡುತ್ತಿದ್ದರು. ಏನೋ ಒಂದು ನೆಪ ಹೇಳಲಿ ದೇವರೇ ಎಂದು ಅವಳು ಸೆರಗು ಹಿಂಡಿದಳು. ಅವರು ಹಾಳೆಯನ್ನು ಅವಳತ್ತ ಚಾಚಿದರು.

"ನನಗೆ ಕಾಣಲ್ಲ ಸಾರ್. ಇವಳು ಓದ್ತಾಳೆ."

ಮೊಳೆ ಕಿತ್ತುಬಂದಿದ್ದ ಮೂಲೆಯಿಂದ ಅವಳು ಶುರುಮಾಡಿದಳು. "ನಾಲ್ಕು ಎಂಟು ಸೊನ್ನೆ ಸೊನ್ನೆ ಒಂದು. ನಾಲ್ಕು ಎಂಟು ಒಂದು ನಾಲ್ಕು ನಾಲ್ಕು. ನಾಲ್ಕು ಎಂಟು ಎಂಟು ಎರಡು ಏಳು..."

"ನಿಲ್ಲು. ಅಲ್ಲಿ ನೂರ ನಲವತ್ತಮೂರು ಏರಬೇಕು. ನಾಲ್ಕು ಎಂಟು ಎರಡು ಎಂಟು ಏಳು ಬರಬೇಕು. ಎರಡು, ಎಂಟು ಅದಲುಬದಲಾಗಿದೆ."

ಮಾಲೀಕರು ಹಳೇ ಪುಸ್ತಕ ತೆಗೆದು ನೋಡಿದರು. ಮಿಷಿನ್‌ನವನು ಚಿಮಟ ಹಿಡಿದು ಬಗ್ಗಿದ. ಅಚ್ಚಾದ ಹಾಳೆಗಳು ರದ್ದಿಗೆ ಹೋದವು.

"ಯಾವಾಗಿಂದ ಕಾಣ್ತಿಲ್ಲ?"

"ಈ ಪುಸ್ತಕ ಶುರುವಾದಾಗಿಂದ."

"ನಾಳೆಯಿಂದ ಬರಬೇಡಿ."

ಅವರು ಕೂತು ಊಟ ಮುಗಿಸಿದರು. ಅನ್ನ ಬಿಡಲಿಲ್ಲ. ಬೀದಿಗೆ ಬಂದ ಮೇಲೆ ಅವಳು ಮೊದಲ ಸಲ ಎಲ್ಲರೆದುರು ಅವರ ಕೈ ಹಿಡಿದು ನಡೆಸಿದಳು.

"ಸುಮ್ಮನಿದ್ದಿದ್ರೆ ಕೆಲಸ ಇರ್ತಿತ್ತು."

"ಇರ್ತಿತ್ತು. ಯಾವನೋ ಆ ಸಾಲು ನಂಬಿ ಹಡಗು ಬಿಡ್ತಿದ್ದ. ಕಲ್ಲಿದೆ, ನೋಡಿ ನಡಿ."

ಕಲ್ಲನ್ನು ಅವರೇ ನೆನಪಿಟ್ಟಿದ್ದರು.

ಅವರು ತೀರಿಕೊಂಡರು. ಅಚ್ಚಾದ ಆ ಪುಸ್ತಕ ಮನೆಯಲ್ಲಿದೆ. ಆ ಸಾಲು ಸರಿಯಾಗಿದೆ.