ಬೆಂಕಿ ರೋಗದ ಎಣ್ಣೆ

ಬೂಷ್ಟು ಬೆಳೆಸಿ ಸಾಯಿಸುವುದು ರಾಯಚೂರಿನ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಭತ್ತಕ್ಕೆ ಬೆಂಕಿ ರೋಗ ತರುವ ಬೂಷ್ಟು ನನಗೆ ಅಚ್ಚುಮೆಚ್ಚು. ಇಬ್ಬನಿ ಬಿದ್ದ ಎಲೆಯ ಮೇಲೆ ಕೂತು ಅದು ಸಣ್ಣ ಗುಳ್ಳೆ ಕಟ್ಟುತ್ತದೆ. ಗುಳ್ಳೆಯ ಗೋಡೆಗೆ ತಾನೇ ತಯಾರಿಸಿದ ಕಪ್ಪು ಬಣ್ಣ ಬಳಿದುಕೊಂಡು, ಟ್ಯೂಬಿಗೆ ಗಾಳಿ ಹೊಡೆದ ಹಾಗೆ ಒಳಗೆ ಒತ್ತಡ ತುಂಬಿ, ಎಲೆಯನ್ನು ತೂತು ಮಾಡಿ ನುಗ್ಗುತ್ತದೆ. ಅದಕ್ಕೆ ಹೊಡೆಯುವ ಔಷಧಿಗೆ ನಮ್ಮ ಕಡೆ ಎಣ್ಣೆ ಅನ್ನುತ್ತಾರೆ. ಈ ಎಣ್ಣೆ ಬೂಷ್ಟನ್ನು ನೇರವಾಗಿ ಕೊಲ್ಲುವುದಿಲ್ಲ, ಕಪ್ಪು ಬಣ್ಣ ತಯಾರಾಗುವ ಒಂದು ಹಂತವನ್ನಷ್ಟೇ ಕೆಡಿಸುತ್ತದೆ. ಬಿಳಚಿಕೊಂಡ ಗುಳ್ಳೆ ಸೋರುತ್ತದೆ, ಒತ್ತಡ ನಿಲ್ಲುವುದಿಲ್ಲ. ಬೂಷ್ಟು ಅನ್ನದ ಬಾಗಿಲಲ್ಲೇ ಕೂತು ಹಸಿದು ಸಾಯುತ್ತದೆ. ಅದನ್ನು ನೋಡುವಾಗ ನನಗೆ ಖುಷಿಯಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ಇದನ್ನೆಲ್ಲ ನಮ್ಮೂರು ಚೀಕಲಪರ್ವಿಯ ಮನೆಯಲ್ಲಿ ಊಟಕ್ಕೆ ಕೂತಾಗ ಅಣ್ಣನಿಗೆ ಹೇಳಿದ್ದೆ. ಅಪ್ಪ ತೀರಿಕೊಂಡ ಮೇಲೆ ಹೊಳೆದಂಡೆಯ ಎರಡು ಎಕರೆ ನನ್ನ ಪಾಲಿಗೆ ಬಂದಿತ್ತು. ಅಣ್ಣನೇ ತನ್ನ ಗದ್ದೆಯ ಜೊತೆ ಅದನ್ನೂ ನೋಡಿಕೊಳ್ಳುತ್ತಿದ್ದ. ಹೆಣ್ಣುಮಗಳಿಗೆ ಹೊಲ ಯಾಕೆ, ಸಹಿ ಮಾಡಿ ಬಿಟ್ಟುಕೊಡಲಿ ಎಂದು ಅವ್ವನಿಂದ ಹೇಳಿಸುತ್ತಲೂ ಇದ್ದ. ಒಂದು ಬೆಳೆ ಚೆನ್ನಾಗಿ ಬಂದರೆ ಇವರ ಬಾಯಿ ಮುಚ್ಚಿಸಬಹುದು ಎಂದು ನಾನು ಕಾದಿದ್ದೆ.

"ಬೂಷ್ಟು ಒಳಗ ಹೊಕ್ಕ ಮ್ಯಾಲ ಎಣ್ಣಿ ಹೊಡದ್ರ?" ಎಂದು ಕೇಳಿದ.

"ನೀರು ಹೊಡದಂಗ," ಎಂದೆ.

ರೋಗ ಊರಿಗೆ ಕಾಲಿಟ್ಟಾಗ ಅಣ್ಣ ಭಾನುವಾರವೇ ತನ್ನ ಗದ್ದೆಗೆ ಹೊಡೆದು ಮುಗಿಸಿದ. ನನ್ನದು ಉಳಿಯಿತು. "ಸೋಮಾರ ಎತ್ತಿಗೆ ನೊಗ ಇಡಂಗಿಲ್ಲ ತಂಗಿ. ಎಣ್ಣಿ ಕಲಸೋ ನೀರಿನ ಡ್ರಮ್ಮು ಯಾರು ಎಳೀಬೇಕು?" ಎಂದ. ಸೋಮವಾರ ಎತ್ತಿಗೆ ಬಿಡುವು, ಅದು ನಮ್ಮ ಮನೆತನದ ನೇಮ, ನಿಜ. ಬಾಡಿಗೆ ಟ್ರ್ಯಾಕ್ಟರಿಗೆ ಯಾವ ನೇಮ? ಮಂಗಳವಾರ ಆಳು ಸಿಗಲಿಲ್ಲವಂತೆ, ಆಮೇಲೆ ಬಂಡಿಯ ಗಾಲಿ ಮುರಿಯಿತಂತೆ. ಎಲೆಯ ತುಂಬ ಕಲೆಗಳು ಎದ್ದ ಮೇಲೆ, ಊರೆಲ್ಲ ನೋಡುವ ಹಾಗೆ, ಎರಡು ಪಟ್ಟು ಎಣ್ಣೆ ಹೊಡೆಸಿದ. ನನ್ನ ಗದ್ದೆ ಸುಟ್ಟು ಕೂತಿತು.

"ತಂಗಿ ಗದ್ದಿಗೆ ಎಷ್ಟು ಹೊಡಿಸ್ಯಾನ ನೋಡು, ಪುಣ್ಯಾತ್ಮ," ಎಂದಳು ಅವ್ವ. "ಇನ್ನಾರ ಸಹಿ ಮಾಡು."

ನೀರು ಹೊಡದಂಗ ಎಂದು ಅವನಿಗೆ ಹೇಳಿಕೊಟ್ಟವಳು ನಾನೇ. "ಸುಗ್ಗಿ ಮುಗೀಲಿ ಯವ್ವಾ," ಎಂದು ನಗುನಗುತ್ತಲೇ ಬಸ್ಸು ಹತ್ತಿದೆ.

ಬೂಷ್ಟಿಗೆ ಅಣ್ಣ ತಂಗಿ ಎಂಬ ಭೇದವಿಲ್ಲ. ನನ್ನ ಗದ್ದೆಯಲ್ಲಿ ಸಂಸಾರ ಬೆಳೆಸಿ, ಗಾಳಿ ಹಿಡಿದು, ಬದು ದಾಟಿತು. ಅಣ್ಣ ಭಾನುವಾರ ಹೊಡೆದ ಎಣ್ಣೆಯ ಬಲ ಅಷ್ಟರಲ್ಲಿ ಮುಗಿದಿತ್ತು. ಫೋನ್ ಮಾಡಿದ. ಅಷ್ಟು ಸಣ್ಣ ದನಿ ಅವನದು ನಾನು ಕೇಳಿರಲಿಲ್ಲ.

"ತೆನಿ ಹೊರಗ ಬರಾಕತ್ತಾವು ತಂಗಿ. ಮಾನ್ವಿಯಿಂದ ಎಣ್ಣಿ ತಂದಿಟ್ಟೀನಿ. ಇವತ್ತ ಹೊಡೀಲೇನು?"

ತೆನೆಯ ಕುತ್ತಿಗೆಗೆ ರೋಗ ಹೊಕ್ಕರೆ ಕಾಳಿಲ್ಲ, ಬರೀ ಜೊಳ್ಳು. ಹೊಡೆಯಬೇಕಾದ್ದು ಆ ದಿನವೇ.

"ಗಡಿಬಿಡಿ ಮಾಡಬ್ಯಾಡಣ್ಣಾ," ಎಂದೆ. "ತೆನಿದು ಲೆಕ್ಕ ಬ್ಯಾರೆ. ಪೂರಾ ಹೊರಗ ಬಂದು ಬಾಗಲಿ, ಆಮ್ಯಾಲ ಹೊಡಿ."

"ನೀ ಇದ್ದಿ ಅಂತ ಬದುಕೀನಿ ನೋಡವ್ವಾ," ಎಂದ.

ಆ ದಿನ ನಾನು ಒಂದು ರೊಟ್ಟಿ ಜಾಸ್ತಿಯೇ ತಿಂದೆ. ಸುಗ್ಗಿಗೆ ಅಣ್ಣನ ಗದ್ದೆಯೂ ಬರೀ ಜೊಳ್ಳಾಯಿತು. ಸಹಿಯ ಮಾತು ಆಮೇಲೆ ಮನೆಯಲ್ಲಿ ಯಾರೂ ಎತ್ತಿಲ್ಲ.