ಕೀಬೋರ್ಡಿನ ಮುಂದೆ ಕರಿ ಕಂಬಳಿ

ಸಾಂಗಲಿಯಲ್ಲಿ ನಾನು ಪಿಯಾನೊ ಕಲಿಸುತ್ತೇನೆ. ಲಿಂಗನೂರಿನಿಂದ ಬರುವ ರೇಣುಕಾಗೆ ಮಣಿಕಟ್ಟು ನೋಯತೊಡಗಿತ್ತು. ಹೀಗೇ ಬಾರಿಸಿದರೆ ಪಿಯಾನೊ ಬಿಡಬೇಕಾಗುತ್ತದೆ ಅಂತ ಮಿರಜದ ಡಾಕ್ಟರು ಹೆದರಿಸಿದ್ದರು. ನನ್ನೆದುರು ನೆಟ್ಟಗೇ ಕೂರುವ ಹುಡುಗಿ, ಮನೆಯಲ್ಲಿ ಹೇಗೆ ಕೂರುತ್ತಾಳೋ ನೋಡೋಣ ಅಂತ ಒಂದು ಭಾನುವಾರ ಅವರ ಮನೆಗೇ ಹೋದೆ.

ಕೀಬೋರ್ಡು ಎತ್ತರದ ಮೇಜಿನ ಮೇಲಿತ್ತು, ಕುರ್ಚಿ ಗಿಡ್ಡ. ಬಾರಿಸುವಾಗ ಅವಳ ಮೊಣಕೈ ಕೆಳಗೆ ಜೋತುಬಿದ್ದು, ಬೆನ್ನು ಬಾಗಿ, ಮಣಿಕಟ್ಟು ಮಡಚಿಕೊಳ್ಳುತ್ತಿತ್ತು. ನಾಲ್ಕು ಬೆರಳು ಎತ್ತರ ಬೇಕು ಅಂದೆ. ಕುರಿ ಸಾಕುವ ಮನೆ ಅದು. ಅಜ್ಜಿ ಒಳಗಿಂದ ಕರಿ ಕಂಬಳಿ ತಂದು ಮಡಚಿ ಕುರ್ಚಿಯ ಮೇಲೆ ಹಾಸಿದರು. ಮೊಣಕೈ ಕೀಬೋರ್ಡಿನ ಸಮಕ್ಕೆ ಬಂತು. ಬೆನ್ನು ಕೂಡ ತಾನಾಗಿಯೇ ನೆಟ್ಟಗಾಯಿತು. ಅದು ಹೇಗೆ ಅಂತ ಅಜ್ಜಿಯನ್ನೇ ಕೇಳಿದೆ.

"ದೇವರನ್ನ ಕುಂದರಸೂ ಕಂಬಳಿರಿ ಮಾಸ್ತರ. ಅದರ ಮ್ಯಾಲ ಯಾರೂ ಬಗ್ಗಿ ಕುಂದ್ರೂದಿಲ್ಲ."

ಇನ್ನು ಆಗಾಗ ಎದ್ದು ಕೈ ಸಡಿಲ ಬಿಡಬೇಕು ಅಂತ ಹೇಳುವುದಿತ್ತು. ಅಷ್ಟರಲ್ಲಿ ಅವಳ ಕಾಕಾ ಒಳಗೆ ಬಂದರು. ರೇಣುಕಾ ಬಾರಿಸುವುದನ್ನು ಬಿಟ್ಟು ಎದ್ದು ನಿಂತಳು.

"ಹಿರ್ಯಾರು ನಿಂತಾಗ ಕಂಬಳಿ ಮ್ಯಾಲ ಕುಂದ್ರೂದಿಲ್ರಿ, ಸರ್."

ಕಾಕಾ ಹೋದರು, ಕೂತಳು. ಅವಳ ತಾಯಿಯ ತಂಗಿ, ಮಾವಶಿ ಬಂದರು, ಮತ್ತೆ ಎದ್ದಳು. ಆ ಮನೆಯಲ್ಲಿ ಹಿರಿಯರಿಗೇನೂ ಕೊರತೆಯಿರಲಿಲ್ಲ.

ಆಗಾಗ ಎದ್ದೇಳುವ ಪಾಠ ನಾನು ಹೇಳಲೇ ಇಲ್ಲ. ಈಗ ಅವಳ ಕೈ ನೋಯುವುದಿಲ್ಲ. ಅವತ್ತು ಶುರು ಮಾಡಿದ ಹಾಡು ಮಾತ್ರ ಇನ್ನೂ ಮುಗಿದಿಲ್ಲ.