ಒಂಬತ್ತಕ್ಕೆ ಒಂಬತ್ತು

ನಮ್ಮ ಅಪ್ಪ ಕೃಷಿ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಮೇಷ್ಟ್ರು. ಯಾವ ಊರಿನ ಮಣ್ಣು ತಂದುಕೊಟ್ಟರೂ ಅದರ ಹುಳಿ, ಉಪ್ಪು, ಜಿಗುಟಿನ ಬಗ್ಗೆ ಅರ್ಧ ಗಂಟೆ ಮಾತಾಡುತ್ತಾರೆ. ಅಮ್ಮನ ಸಾರಿನ ಹುಳಿ, ಉಪ್ಪು ಹೇಗಿದೆ ಎಂದು ಕೇಳಿದರೆ ಮಾತ್ರ 'ಹೂಂ' ಎನ್ನುತ್ತಾರೆ. ನನಗೆ ಬುದ್ಧಿ ಬಂದಾಗಿನಿಂದ ಬ್ಯಾಟರಾಯನಪುರದ ನಮ್ಮ ಮನೆಯಲ್ಲಿ ಊಟದ ಬಗ್ಗೆ ಅವರಿಂದ ಹೊರಬಿದ್ದ ಅಭಿಪ್ರಾಯ ಅದೊಂದೇ. ಚೆನ್ನಾಗಿದ್ದರೂ ಹೂಂ, ಸೀದುಹೋಗಿದ್ದರೂ ಹೂಂ. ಅಮ್ಮ ಬಾಯಿಬಿಟ್ಟು ಹೇಳಿಕೊಂಡವಳಲ್ಲ. ಆದರೆ ಅಪ್ಪ ಮೊದಲ ತುತ್ತು ಬಾಯಿಗಿಡುವಾಗ ಸೌಟು ಹಿಡಿದುಕೊಂಡು ಒಂದು ಗಳಿಗೆ ಅಲ್ಲೇ ನಿಲ್ಲುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ನನಗೆ ಅಪ್ಪನ ಮೇಲೆ ಕೋಪ ಬರುತ್ತಿತ್ತು.

ಅಪ್ಪನ ದೆಸೆಯಿಂದ ನಮ್ಮ ಮನೆಗೆ ಬರದ ಸಂಶೋಧನೆಯಿಲ್ಲ. ಒಬ್ಬರು ಎರೆಹುಳುವಿಗೆ ಯಾವ ಸಗಣಿ ಹೆಚ್ಚು ಹಿಡಿಸುತ್ತದೆ ಎಂದು ನೋಡುತ್ತಿದ್ದರು. ಇನ್ನೊಬ್ಬರಿಗೆ ಕೋಳಿ ಯಾವ ಬಣ್ಣದ ದೀಪದ ಕೆಳಗೆ ಚೆನ್ನಾಗಿ ಮೊಟ್ಟೆ ಇಡುತ್ತದೆ ಎಂಬ ಚಿಂತೆ. ಜೇನುಹುಳುವಿನವರ ಮುಖ ವಾರಕ್ಕೊಂದು ಆಕಾರದಲ್ಲಿರುತ್ತಿತ್ತು. ಪಾಪ, ಅವರಿಗೆ ಸಕ್ಕರೆ ಕಾಯಿಲೆ, ಜೇನುತುಪ್ಪವೆಲ್ಲ ನಮ್ಮ ಪಾಲಿಗೆ. ಕೆರೆಯ ಕಳೆಯಿಂದ ಗೊಬ್ಬರ ಮಾಡುತ್ತಿದ್ದವರು ಬಂದರೆ ಅಮ್ಮ ಕುರ್ಚಿಯನ್ನು ಬಾಗಿಲಾಚೆಯೇ ಹಾಕುತ್ತಿದ್ದಳು. ಹೆಂಗಸರು ಅಡುಗೆಮನೆಯಲ್ಲಿ ದಿನಕ್ಕೆ ಎಷ್ಟು ಸಲ ಬಗ್ಗುತ್ತಾರೆ ಎಂದು ಎಣಿಸಲು ಬಂದ ಹುಡುಗಿಯೊಬ್ಬಳು ಬೆಳಗಿನಿಂದ ಅಮ್ಮನ ಹಿಂದೆಯೇ ತಿರುಗಿ, ಸಂಜೆ ತಾನೇ ಸೊಂಟ ಹಿಡಿದುಕೊಂಡು ಕೂತಳು. ಅಮ್ಮ ಎಣ್ಣೆ ಹಚ್ಚಿ ಕಳಿಸಿದಳು.

"ಸರ್ಕಾರದ ದುಡ್ಡಲ್ಲಿ ಇಷ್ಟೊಂದು ಕುತೂಹಲ ಪಡಬಹುದಾಪ್ಪ?" ಎಂದು ರೇಗಿಸುತ್ತಿದ್ದೆ.

"ಪಡ್ಬೇಕು," ಎಂದಷ್ಟೇ ಹೇಳಿ ಅವರು ಮಣ್ಣಿನ ಪೊಟ್ಟಣ ಬಿಚ್ಚಲು ಕೂರುತ್ತಿದ್ದರು.

ಹೋದ ವರ್ಷ ಬಂದವಳು ನಿಪ್ಪಟ್ಟಿನ ಹುಡುಗಿ. ಸೋಲದೇವನಹಳ್ಳಿ ಕಡೆಯವಳು, ಆಹಾರ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ನಾವು ಎಸೆಯುವ ಹಲಸಿನ ಬೀಜವನ್ನು ಒಣಗಿಸಿ ಹಿಟ್ಟು ಮಾಡಿ ನಿಪ್ಪಟ್ಟಿಗೆ ಬೆರೆಸುವುದು, ಎಷ್ಟು ಬೆರೆಸಿದರೆ ಜನ ಖುಷಿಯಾಗಿ ತಿನ್ನುತ್ತಾರೆ ಎಂದು ಕಂಡುಹಿಡಿಯುವುದು ಅವಳ ಕೆಲಸ. ಅದಕ್ಕೆ ರುಚಿ ನೋಡಿ ಅಂಕ ಕೊಡುವವರು ಬೇಕಾಗಿತ್ತು. ಅಪ್ಪ ಅಮ್ಮನನ್ನೂ ಸಹೋದ್ಯೋಗಿಗಳ ಹೆಂಡತಿಯರನ್ನೂ ಒಪ್ಪಿಸಿದರು.

ಅಮ್ಮ ಮದುವೆಗೆ ಹೊರಟವಳಂತೆ ರೇಷ್ಮೆ ಸೀರೆ ಉಟ್ಟು ಹೋದಳು. ಒಬ್ಬರಿಗೊಬ್ಬರು ಕಾಣದಂತೆ ನಡುವೆ ಅಡ್ಡ ಹಲಗೆ ಇಟ್ಟು ಕೂರಿಸಿದ್ದರಂತೆ. ಮುಂದೆ ನಾಲ್ಕು ಬಗೆಯ ನಿಪ್ಪಟ್ಟು, ತಟ್ಟೆಗೊಂದು ನಂಬರು, ನಡುನಡುವೆ ಬಾಯಿ ಮುಕ್ಕಳಿಸಲು ನೀರು. ತುಂಬಾ ಹಿಡಿಸಿದರೆ ಒಂಬತ್ತು, ಬಾಯಿಗೇ ಇಡಲಾಗದಿದ್ದರೆ ಒಂದು. ಅಮ್ಮ ನಾಲ್ಕಕ್ಕೂ ಒಂಬತ್ತು ಕೊಟ್ಟು, ಹುಡುಗಿಯ ತಲೆ ಸವರಿ ಬಂದಳು.

ಮಾರನೆಯ ದಿನ ಹುಡುಗಿ ಸಪ್ಪೆ ಮುಖ ಹೊತ್ತು ಮನೆಗೇ ಬಂದಳು. "ಆಂಟಿ, ನಾಲ್ಕಕ್ಕೂ ಒಂಬತ್ತು ಕೊಟ್ಬಿಟ್ಟಿದೀರ."

"ಚೆನ್ನಾಗಿತ್ತು ಕಣಮ್ಮ."

"ನಾಲ್ಕನೇದು ಒಗರು ಆಂಟಿ! ಬೇಕಂತ್ಲೇ ಹಿಟ್ಟು ಜಾಸ್ತಿ ಹಾಕಿದ್ದೆ. ನನಗೇ ನುಂಗಕ್ಕಾಗಲ್ಲ."

ಅಮ್ಮ ಒಬ್ಬಳೇ ಅಲ್ಲ, ಅಲ್ಲಿ ಕೂತಿದ್ದ ಹೆಂಗಸರೆಲ್ಲ ಒಬ್ಬರನ್ನೊಬ್ಬರು ಕೇಳದೆಯೇ ಅದನ್ನೇ ಮಾಡಿದ್ದರು. ನಮ್ಮ ಕಡೆ ಯಾವ ಗೃಹಿಣಿ ತಾನೇ ಪರರ ಮನೆಯ ಹೆಣ್ಣುಮಗಳು ಕರಿದುಕೊಟ್ಟ ತಿಂಡಿಯನ್ನು ಅವಳೆದುರಿಗೇ ಹಳಿಯುತ್ತಾಳೆ? ಹೀಗಾದರೆ ಪ್ರಬಂಧದ ಆ ಅಧ್ಯಾಯವನ್ನೇ ಕೈಬಿಡಬೇಕಾಗುತ್ತದೆ ಎಂದು ಅವಳ ಗೈಡ್ ಹೇಳಿದ್ದರು. ಹಲಸಿನ ಕಾಲ ಮುಗಿದಿತ್ತು, ಇನ್ನೊಂದೇ ಸಲ ಮಾಡುವಷ್ಟು ಹಿಟ್ಟು ಉಳಿದಿತ್ತು. ಶನಿವಾರದ ಮರುಪರೀಕ್ಷೆಯಲ್ಲೂ ಎಲ್ಲರೂ ಒಂಬತ್ತೇ ಕೊಟ್ಟರೆ ಮುಂದಿನ ಹಲಸಿಗೆ ಕಾಯಬೇಕು, ಡಿಗ್ರಿ ಒಂದು ವರ್ಷ ಹಿಂದೆ ಹೋಗುತ್ತದೆ.

"ಒಲೆ ಮುಂದೆ ಬೆಂದು ಮಾಡಿರೋರಿಗೆ ಚೆನ್ನಾಗಿಲ್ಲ ಅಂತ ಹೆಂಗಮ್ಮ ಹೇಳೋದು? ಮಾಡಿದೋರಿಗೆ ಒಂದು ಮಾತು ಬೇಕಾಗಿರತ್ತೆ," ಎಂದಳು ಅಮ್ಮ. ಹೇಳುತ್ತಾ ಪೇಪರಿನ ಹಿಂದಿದ್ದ ಅಪ್ಪನ ಕಡೆ ನೋಡಿದಳು. ಪೇಪರು ಅಲುಗಾಡಲಿಲ್ಲ.

"ಮಾತು ಬೇಕು ಆಂಟಿ, ಆದ್ರೆ ನಿಜವಾದ್ದು ಬೇಕು. ಎಲ್ಲಾದಕ್ಕೂ ಒಂಬತ್ತು ಅಂದ್ರೆ ನೀವು ತಿಂದೇ ಇಲ್ಲ ಅಂದಂಗೆ."

ಆ ಸಂಜೆ ಅಮ್ಮ ಉಳಿದ ಹೆಂಗಸರಿಗೆ ಒಬ್ಬೊಬ್ಬರಿಗೂ ಫೋನು ಮಾಡಿ, ದಾಕ್ಷಿಣ್ಯ ಮನೆಯಲ್ಲಿಟ್ಟು ಬನ್ನಿ ಎಂದು ಹೇಳಿದಳು.

ಶನಿವಾರ ಪರೀಕ್ಷೆ ಮುಗಿಸಿ ಬಂದ ಅಮ್ಮನ ಮುಖ ಯಾರನ್ನೋ ಬೈದು ಬಂದವಳಂತೆ ಬಾಡಿತ್ತು. "ಒಂದಕ್ಕೆ ಮೂರು ಕೊಟ್ಬಿಟ್ಟೆ ಕಣೇ," ಎಂದು ನನ್ನ ಕಿವಿಯಲ್ಲಿ ಹೇಳಿದಳು. ಬೆನ್ನಿಗೇ ಹುಡುಗಿಯ ಫೋನು ಬಂತು. ಎರಡನೇ ಬಗೆಯ ನಿಪ್ಪಟ್ಟು ಗೆದ್ದಿತ್ತು, ಅಧ್ಯಾಯ ಉಳಿದಿತ್ತು. ಮೂರು ಕೊಟ್ಟಿದ್ದಕ್ಕೆ ಅವಳು ಹೇಳಿದಷ್ಟು ಥ್ಯಾಂಕ್ಸು, ಒಂಬತ್ತು ಕೊಟ್ಟಾಗ ಅಮ್ಮನಿಗೆ ಸಿಕ್ಕಿರಲಿಲ್ಲ.

ಭಾನುವಾರ ಮಧ್ಯಾಹ್ನ ಅಪ್ಪ ಊಟಕ್ಕೆ ಕೂತರೆ ತಟ್ಟೆಯ ಮುಂದೆ ಮೂರು ಸ್ಟೀಲ್ ಬಟ್ಟಲು. ಒಂದೊಂದಕ್ಕೂ ಅಮ್ಮ ನನ್ನ ಕೈಯಲ್ಲಿ ನಂಬರು ಬರೆಸಿ ಅಂಟಿಸಿದ್ದಳು. ಮೂರರಲ್ಲೂ ತಿಳಿಸಾರು: ಒಂದು ಮೂಲೆಯ ದರ್ಶಿನಿ ಹೋಟೆಲಿನದು, ಒಂದು ಪ್ಯಾಕೆಟ್ ಪುಡಿಯದು, ಒಂದು ಅವಳದು. ಯಾವುದು ಯಾರದು ಎಂದು ಅಪ್ಪನಿಗೆ ಹೇಳಲಿಲ್ಲ.

"ಊರೋರ ಸಂಶೋಧನೆ ಎಲ್ಲಾ ಆಯ್ತಲ್ಲ, ಇದೊಂದು ನಂದು. ಹೂಂ ಅನ್ನಂಗಿಲ್ಲ ರೀ. ನಂಬರ್ ಕೊಡ್ಬೇಕು."

ಈ ಮನುಷ್ಯ ಪ್ಯಾಕೆಟ್ಟಿಗೆ ಒಂಬತ್ತು ಕೊಟ್ಟುಬಿಟ್ಟರೆ ಗತಿಯೇನು? ಅಪ್ಪ ಮೇಷ್ಟ್ರ ಗತ್ತಿನಲ್ಲಿ ಬಾಯಿ ಮುಕ್ಕಳಿಸಿ ಮೊದಲ ಬಟ್ಟಲು ಎತ್ತಿದರು. ದರ್ಶಿನಿಯದು. "ಎಂಟು." ಎರಡನೆಯದು ಪ್ಯಾಕೆಟ್ಟು. "ಐದು." ಮೂರನೆಯದನ್ನು ಎರಡು ಸಲ ಕುಡಿದು ನೋಡಿದರು. ಅಮ್ಮ ಸೌಟು ಹಿಡಿದು ನಿಂತೇ ಇದ್ದಳು.

"ಆರು."

ಆ ಸೌಟು ಕಿತ್ತುಕೊಂಡು ಅಪ್ಪನ ತಲೆಗೇ ಒಂದು ಬಿಡೋಣ ಅನ್ನಿಸಿತು ನನಗೆ. ಅಷ್ಟರಲ್ಲಿ ಅವರೇ ಬಟ್ಟಲು ಕೆಳಗಿಟ್ಟು ಹೇಳಿದರು: "ಇದು ನಿಂದು. ನಂಗೆ ಬಿಪಿ ಬಂದ್ಮೇಲೆ ಉಪ್ಪು ಕಮ್ಮಿ ಮಾಡಿದೀಯ. ಅದಕ್ಕೆ ಆರು. ಮುಂಚಿನ ಸಾರಾಗಿದ್ರೆ ಒಂಬತ್ತು."

ಅಮ್ಮ ಸೌಟು ಕೆಳಗಿಟ್ಟಳು. "ಮತ್ತೆ ಆಗ ಯಾಕ್ರೀ ಒಂದಿನಾನೂ ಹೇಳ್ಲಿಲ್ಲ?"

"ಹೂಂ ಅಂತಿದ್ನಲ್ಲ," ಎಂದರು ಅಪ್ಪ, ನಿಜವಾಗಿಯೂ ಆಶ್ಚರ್ಯಪಟ್ಟು.

ಅಮ್ಮನಿಗೆ ನಗು ಬಂತು. ಕಣ್ಣಲ್ಲಿ ನೀರೂ ಬಂತು, ಸೆರಗಿನಿಂದ ಒರೆಸಿಕೊಂಡಳು. ಎಂಟು ಅಂಕದ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಆರರದನ್ನು ಎತ್ತಿ ಅಪ್ಪನ ಅನ್ನದ ಮೇಲೆ ಸುರಿದಳು.

"ಆರೇ ಸಾಕು ನಂಗೆ. ಉಪ್ಪು ಮಾತ್ರ ಜಾಸ್ತಿ ಹಾಕಲ್ಲ. ಅಂಕ ಕೊಡಕ್ಕೆ ನೀವು ಇರ್ಬೇಕಲ್ಲ."

ಅಪ್ಪ ಕಲಸಿ, ಒಂದು ತುತ್ತು ಬಾಯಿಗಿಟ್ಟು, "ಹೂಂ" ಎಂದರು.